ಸಂತೆ ಕೋಣೆಗೆ ಬಾಗಿಲು

ನಮ್ಮ ಕಾರ್ಖಾನೆಯಲ್ಲಿ ಬಳೆ ಬಿಟ್ಟರೆ ಬೇರೇನೂ ಆಗಲ್ಲ. ಗಂಡಸರು ಕುಲುಮೆಯಲ್ಲಿ ಗಾಜು ಕರಗಿಸಿ ಎಳೆ ಎಳೀತಾರೆ, ಸುತ್ತುತ್ತಾರೆ, ಕತ್ತರಿಸ್ತಾರೆ. ಬಾಯಿ ಬಿಟ್ಟ ಬಳೆ ನಮ್ಮ ಕೋಣೆಗೆ ಬರುತ್ತೆ. ನಾವು ಹೆಂಗಸರು ಅದರ ಎರಡೂ ತುದಿ ಉರಿಗೆ ಹಿಡಿದು, ಚಿಮುಟದಲ್ಲಿ ಒತ್ತಿ ಬೆಸೀತೀವಿ. ಅಷ್ಟಾದ ಮೇಲೇ ಅದು ಬಳೆ. ಅಲ್ಲೀವರೆಗೆ ಬರೀ ಗಾಜಿನ ಚೂರು.

ಇದೇ ಗಂಡಸರು, ಬಳೆಯಿಂದ ಹೊಟ್ಟೆ ಹೊರೆಯೋರು, ಜಗಳ ಹತ್ತಿದರೆ ಒಬ್ಬರನ್ನೊಬ್ಬರು ಏನಂತ ಬೈತಾರೆ ಗೊತ್ತಾ? "ಏನೋ, ಬಳೆ ತೊಟ್ಕೊಂಡಿದ್ದೀಯೇನೋ?" ಅಂತ. ಮೈಯೆಲ್ಲ ಬಳೆಯ ಪುಡಿ ಮೆತ್ತಿಕೊಂಡು ನಿಂತು ಹಾಗಂತಾರೆ. ನಾನೂ ನನ್ನ ತಂಗಿಯೂ ಗೋಡೆಯ ಈಚೆ ಕೂತು ಅದನ್ನ ಕೇಳಿ ಬಿದ್ದು ಬಿದ್ದು ನಗ್ತಿದ್ವಿ. ಈಗ ನಗೋಕೆ ಜೊತೆ ಇಲ್ಲ.

ತಂಗಿಗೆ ಎಲ್ಲರೂ ಗುಬ್ಬಿ ಅಂತಿದ್ರು. ಗಾತ್ರವೇ ಅಷ್ಟು. ಅವಳು ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮ ಹೋದ್ರು. ಅಣ್ಣ, ನಾನು, ಗುಬ್ಬಿ, ಮೂರೇ ಜನ. ಅಣ್ಣ ಕುಲುಮೆಯಲ್ಲಿ. ನಾವಿಬ್ಬರೂ ದೀಪದ ಕೋಣೆಯಲ್ಲಿ. ದೀಪದ ಕೋಣೆ ಅಂತ ನಾವು ಅಂತೀವಿ. ಗಂಡಸರು ಅದಕ್ಕೆ ಸಂತೆ ಅಂತ ಹೆಸರಿಟ್ಟಿದ್ದರು. ಹೆಂಗಸರು ಕೂತ ಕಡೆ ಗಲಾಟೆ ಇರುತ್ತಂತೆ. ಕುಲುಮೆ ಹತ್ತಿರ ಅವರು ಗಂಟಲು ಹರಿಯೋ ಹಾಗೆ ಕಿರುಚಾಡ್ತಿದ್ರಲ್ಲ, ಅದು ಕೆಲಸ. ನಾವು ಮಾತಾಡಿದ್ರೆ ಸಂತೆ.

ಆ ಕೋಣೆ ಹೇಗಿತ್ತು ಅಂತ ಹೇಳ್ತೀನಿ. ಉದ್ದಕ್ಕೆ ಒಂದು ಗ್ಯಾಸಿನ ಪೈಪು, ಪೈಪಿಗೆ ಸಾಲಾಗಿ ಉರಿ, ಒಂದೊಂದು ಉರಿಗೆ ಒಬ್ಬೊಬ್ಬಳು. ಕಿಟಕಿ ಇಲ್ಲ. ಗಾಳಿ ಆಡಿದ್ರೆ ಉರಿ ಅಲ್ಲಾಡುತ್ತೆ, ಉರಿ ಅಲ್ಲಾಡಿದ್ರೆ ಬೆಸುಗೆ ಸೊಟ್ಟ ಆಗುತ್ತೆ, ಅದಕ್ಕೇ ಕಿಟಕಿ ಬೇಡ ಅಂದಿದ್ದ ಕಾರ್ಖಾನೆ ಧಣಿ. ಫ್ಯಾನೂ ಇಲ್ಲ. ಬೆವರು ಕಣ್ಣಿಗೆ ಇಳಿದ್ರೆ ಒರೆಸೋಕೆ ಕೈ ಬಿಡುವಿಲ್ಲ, ಭುಜಕ್ಕೆ ಉಜ್ಜಬೇಕು. ಬೆರಳ ತುದಿ ಸುಟ್ಟು ಸುಟ್ಟು ಚರ್ಮ ಸತ್ತುಹೋಗಿದೆ. ನಾನು ಬಿಸಿ ಪಾತ್ರೆ ಬರಿಗೈಯಲ್ಲಿ ಇಳಿಸ್ತೀನಿ. ಯಾರದಾದ್ರೂ ಮಗುವಿನ ಕೆನ್ನೆ ಮುಟ್ಟಿದ್ರೆ ಮಾತ್ರ ಏನೂ ತಿಳಿಯಲ್ಲ.

ಇರೋದು ಒಂದೇ ಬಾಗಿಲು, ಅಂಗಳದ ಕಡೆಗೆ, ಹೊರಕ್ಕೆ ತೆರೆಯೋದು. ಅದರ ಎದುರಿಗೆ ಹಿಂದಿನ ಗೋಡೆ. ಆ ಗೋಡೆ ಒಂದೇ ಇಟ್ಟಿಗೆ ದಪ್ಪ. ಗೋಡೆಯ ಆಚೆ ತಗಡಿನ ನೆರಳು, ನೆರಳಿನ ಕೆಳಗೆ ಕಟ್ಟೆ, ಕಟ್ಟೆ ಮೇಲೆ ಗಂಡಸರು ಟೀ ಕುಡೀತಾ ಬೀಡಿ ಸೇದ್ತಾ ಸುಧಾರಿಸಿಕೊಳ್ಳೋದು. ಅವರ ಪೋಲಿ ಮಾತೆಲ್ಲ ನಮಗೆ ಕೇಳ್ತಿತ್ತು. ಯಾರ ಹೆಂಡತಿ ತವರಿಗೆ ಹೋಗಿದ್ದಾಳೆ, ಯಾರಿಗೆ ಮೂಲವ್ಯಾಧಿ, ಎಲ್ಲ ನಮಗೆ ಗೊತ್ತು. ನಮಗೆ ಕಟ್ಟೆ ಇರಲಿಲ್ಲ. ಸೊಂಟ ಹಿಡಿದ್ರೆ ಕೂತಲ್ಲೇ ಒಂದು ಸಲ ಹಿಂದಕ್ಕೆ ವಾಲಿ ಮುಂದಕ್ಕೆ ಬಾಗಬೇಕು, ಅಷ್ಟೇ ವಿಶ್ರಾಂತಿ.

ಗುಬ್ಬಿ ಕೂರ್ತಿದ್ದದ್ದು ಪೈಪಿನ ಕೊನೇ ಉರಿಗೆ, ಹಿಂದಿನ ಗೋಡೆಗೆ ಒರಗಿ. ಸಣ್ಣ ಮೈ, ಮೂಲೇಲಿ ಹಿಡೀತಾಳೆ ಅಂತ. ಕೆಲಸದಲ್ಲಿ ಅವಳು ಅಂಥಾ ಜಾಣೆ ಏನಲ್ಲ. ಅವಳು ಬೆಸೆದ ಕಡೆ ಒಂದು ಪುಟ್ಟ ಗಂಟು ಉಳೀತಿತ್ತು. ನಾನು ಅದಕ್ಕೆ ಮೊಡವೆ ಅಂತಿದ್ದೆ. "ಗುಬ್ಬೀ, ನಿನ್ನ ಬಳೆಗೆಲ್ಲ ವಯಸ್ಸಿಗೆ ಬಂದ ಹುಡುಗೀರ ಹಾಗೆ ಮೊಡವೆ ಕಣೇ" ಅಂದ್ರೆ, "ಇರ್ಲಿ ಬಿಡಕ್ಕ, ತೊಟ್ಟೋರಿಗೆ ನಾನು ಬೆಸೆದದ್ದು ಅಂತ ತಿಳೀಲಿ" ಅಂತಿದ್ಲು. ಎಲ್ಲಿಂದ ತಿಳಿಯುತ್ತೆ? ಹುಚ್ಚು ಹುಡುಗಿ.

ಆವತ್ತು ಮಧ್ಯಾಹ್ನ ಅವಳು ಒಂದು ಕಟ್ಟು ಹಸಿರು ಬಳೆ ಬೆಸೆದು ದಾರ ಬಿಗಿದು ನನ್ನನ್ನ ಕರೆದಳು. "ಅಕ್ಕ, ಬಂದು ನೋಡು, ಈ ಸಲ ಮೊಡವೆ ಇಲ್ಲ." ನಾನು ಎದ್ದು ಹೋದೆ. ಬೆರಳು ಆಡಿಸಿ ನೋಡಿದೆ. ಇತ್ತು, ಆದ್ರೆ ಮುಂಚಿನಷ್ಟಿಲ್ಲ. "ಪರವಾಗಿಲ್ಲ, ಮುಖ ತೊಳೆದಿದೀಯ" ಅಂದೆ. ಕಟ್ಟನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಅವಳ ಕಾಲ ಹತ್ತಿರ ಪೈಪು ಬಿಟ್ಟುಕೊಳ್ತು.

ಬೆಂಕಿ ಅಂದ್ರೆ ನಮಗೇನು ಹೊಸದಲ್ಲ. ದಿನಾ ಅದರ ಜೊತೇಲೇ ಬದುಕೋರು. ಆದ್ರೆ ಇದು ನಮ್ಮ ಮಾತು ಕೇಳೋ ಬೆಂಕಿ ಆಗಿರಲಿಲ್ಲ. ಗುಬ್ಬಿಯ ಬಟ್ಟೆ ಹತ್ಕೊಳ್ತು. ನಾನು ಗೋಣಿಚೀಲ ಹಾಕಿ ಅವಳ ಮೇಲೆ ಬಿದ್ದೆ. ಉಳಿದೋರು ಬಾಗಿಲಿಗೆ ಓಡಿದ್ರು. ತಳ್ಳಿದ್ರೆ ಬಾಗಿಲು ತೆರೀಲಿಲ್ಲ. ಲಾರಿ ಬರುತ್ತೆ ಅಂತ ಹೊರಗಡೆ ಬಳೆ ಪೆಟ್ಟಿಗೆಗಳನ್ನ ಬಾಗಿಲಿಗೇ ಒತ್ತಿ ಪೇರಿಸಿದ್ದರು. ಎಲ್ಲರೂ ಕೂಗಿದ್ರು. ನಾನು ಹಿಂದಿನ ಗೋಡೆ ಗುದ್ದಿದೆ. ಎರಡೂ ಮುಷ್ಟೀಲಿ ಗುದ್ದಿ, ಬೆಂಕಿ ಬೆಂಕಿ ಅಂತ ಅರಚಿದೆ.

ಗೋಡೆಯ ಆಚೆಯಿಂದ ಅಣ್ಣನ ದನಿ ಕೇಳ್ತು. "ನೆರೀತು ನೋಡ್ರಪ್ಪಾ ಸಂತೆ" ಅಂದ.

ಯಾರೋ ನಕ್ಕರು. "ಯಾವಳು ಯಾವಳ ಜಡೆ ಹಿಡಿದಿದ್ದಾಳೋ" ಅಂದ ಇನ್ನೊಬ್ಬ. "ಆಮೇಲೆ ತಾವೇ ಸರಿ ಹೋಗ್ತಾರೆ ಬಿಡು, ಟೀ ಆರುತ್ತೆ" ಅಂದ ಅಣ್ಣ. ಲೋಟ ಎತ್ತಿಕೊಂಡ ಸದ್ದೂ ನನಗೆ ಕೇಳಿಸ್ತು.

ಕುಲುಮೆ ಬುಸುಗುಟ್ಟೋ ಸದ್ದಲ್ಲಿ ಅವರಿಗೆ ಮಾತು ತಿಳೀದೇ ಇರಬಹುದು. ಇರಲಿ. ದನಿ ತಿಳೀತಲ್ಲ. ಅಷ್ಟು ಗಂಡಸರು ಒಟ್ಟಿಗೆ ಹಾಗೆ ಅರಚಿದ್ದಿದ್ರೆ ಏನಾಯ್ತೋ ಅಂತ ಎದ್ದು ಓಡಿ ಬರ್ತಿದ್ರು. ನಾವು ಅರಚಿದ್ರೆ ಜಗಳ. ಹೆಂಗಸರ ಬಾಯಿಂದ ಬೇರೆ ಸುದ್ದಿ ಬರಬಹುದು ಅಂತ ಅವರಿಗೆ ಹೊಳೀಲೇ ಇಲ್ಲ. ಹೆಂಚಿನ ಸಂದಿಯಿಂದ ಹೊಗೆ ಎದ್ದಾಗಲೇ ಓಡಿ ಬಂದದ್ದು. ಆಮೇಲೆ ಪೆಟ್ಟಿಗೆಗಳನ್ನ ಒದ್ದು ಕೆಡವಿದ್ದು.

ಗುಬ್ಬಿಯನ್ನ ಎತ್ತಿಕೊಂಡು ಬಂದವನು ಅಣ್ಣನೇ. ಅವನ ಎರಡೂ ಕೈ ಬೆಂದುಹೋದವು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹಣೆ ಹಣೆ ಚಚ್ಚಿಕೊಂಡ. ಅವನಿಗೆ ಅವಳ ಮೇಲೆ ಪ್ರಾಣ ಇತ್ತು, ಅದನ್ನ ಇಲ್ಲ ಅಂದ್ರೆ ನನ್ನ ನಾಲಿಗೆ ಬಿದ್ದುಹೋಗಲಿ. ಅವಳು ಒಂದು ವಾರವೂ ಉಳೀಲಿಲ್ಲ. ಎಚ್ಚರ ಇದ್ದಾಗ ಒಂದು ಸಲ ಕೇಳಿದ್ಲು, "ಅಕ್ಕ, ಕಟ್ಟು ಒಡೀತಾ?" ಅಂತ. ಒಡೆದಿರಲಿಲ್ಲ. ನಾನು ಕೆಳಗೆ ಬಿದ್ದರೂ, ಸೊಂಟದಲ್ಲಿದ್ದ ಆ ಕಟ್ಟಿನ ಒಂದು ಬಳೆಯೂ ಒಡೆದಿರಲಿಲ್ಲ. ಮನೆಗೆ ತಂದು ಒಲೆಯ ಮೇಲಿನ ಮೊಳೆಗೆ ನೇತುಹಾಕಿದೆ.

ಮಾತಾಡಿಸೋಕೆ ಬಂದವರು ಏನಂದ್ರು ಗೊತ್ತಾ? ಅಣ್ಣನ ಕೈ ಕಟ್ಟು ನೋಡಿ, "ಸದ್ಯ, ಮನೆಗೆ ಇರೋ ಒಬ್ಬ ಗಂಡುಮಗ ಉಳ್ಕೊಂಡ" ಅಂದ್ರು. ಅಂದೋರು ಹೆಂಗಸರೇ. ಅವರಿಗೆ ನೀರು ಕೊಟ್ಟವಳು ನಾನೇ. ನನ್ನ ತಂಗಿ ಹೋದ ಲೆಕ್ಕದಲ್ಲೂ ಏನೋ ಮಿಕ್ಕಿತು ಅಂತ ಅವರಿಗೆ ಸಮಾಧಾನ. ಧಣಿ ಗೇಟಿನ ಹತ್ತಿರ ನಿಂತು ಪತ್ರಿಕೆಯವನಿಗೆ ಹೇಳಿದ್ದನ್ನ ನಾನೇ ಕೇಳಿದೆ. "ದೇವರು ದೊಡ್ಡೋನು, ನನ್ನ ಕೆಲಸಗಾರರಿಗೆ ಯಾರಿಗೂ ಏನೂ ಆಗಿಲ್ಲ. ಹೆಂಗಸರ ಕೋಣೇಲಿ ಸ್ವಲ್ಪ ಅನಾಹುತ ಆಯ್ತು, ಅಷ್ಟೇ."

ಕೆಲಸಗಾರರು ಅಂದ್ರೆ ಕುಲುಮೆಯೋರು. ನಾವು ಅಂದ್ರೆ ಹೆಂಗಸರು. ಬೆಳಗಿನಿಂದ ಸಂಜೆವರೆಗೆ ಉರಿ ಮುಂದೆ ಕೂತ್ರೂ ಹೆಂಗಸರು.

ದೀಪದ ಕೋಣೆಯವರು ನಾವೆಲ್ಲ ಕೂತು ಮಾತಾಡಿದ್ವಿ. ನಮಗೆ ಬೇಕಾದ್ದು ಒಂದೇ. ಹಿಂದಿನ ಗೋಡೆಗೊಂದು ಬಾಗಿಲು. ಮುಂದಿನದು ಮುಚ್ಚಿದ್ರೆ ಹಿಂದಿನದರಲ್ಲಿ ಜೀವ ಉಳಿಸಿಕೊಳ್ತೀವಿ. ನಮ್ಮಲ್ಲೆಲ್ಲ ಹಿರಿಯಳು ಕಡ್ಡಿಪೆಟ್ಟಿಗೆ ಅಜ್ಜಿ. ಬೆಳಿಗ್ಗೆ ಎಲ್ಲರ ಉರಿ ಹಚ್ಚೋಳು ಅವಳು, ಅದಕ್ಕೇ ಆ ಹೆಸರು. ಅವಳಂದಳು, "ಹೊಸ ಪೈಪು ಹಾಕಿ ನಾಳಿದ್ದೇ ನಮ್ಮನ್ನ ಅಲ್ಲೇ ಕೂರಿಸ್ತಾರೆ ಕಣ್ರೇ. ಬಾಗಿಲು ಆಗದೇ ನಾನಂತೂ ಕಡ್ಡಿ ಗೀರಲ್ಲ."

ಅಣ್ಣ ಕೆಲಸಗಾರರ ಸಂಘದ ಮುಂದಾಳು. ನಾನು ಅವನಿಗೆ ಹೇಳಿದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ತಲೆ ಮೇಲೆ ಕೈ ಇಟ್ಟ. "ಗುಬ್ಬಿ ಆಣೆ, ಅದೇ ಮೊದಲನೇ ಬೇಡಿಕೆ" ಅಂದ.

ಸಂಘದ ಸಭೆಗೆ ನಾವೂ ಹೋದ್ವಿ. ಹಿಂದೆ ನಿಂತ್ವಿ, ಬೆಂಚು ಅವರಿಗೇ ಸಾಲದು. "ಅಣ್ಣ ತಮ್ಮಂದಿರೇ" ಅಂತ ಶುರುಮಾಡಿದ ಅಣ್ಣ. ನಾವು ಅಷ್ಟೂ ಜನ ಅವನ ಕಣ್ಣೆದುರಿಗೇ ಇದ್ದೀವಿ. ಬಾಗಿಲಿನ ಮಾತು ಬಂತು. ಗುಸುಗುಸು ಶುರುವಾಯ್ತು. ಹಿಂದಿನ ಗೋಡೆಗೆ ಬಾಗಿಲು ಬಂದ್ರೆ ಅದು ತೆರೆಯೋದು ಕಟ್ಟೆ ಕಡೆಗೆ ತಾನೇ? "ಅಲ್ಲಿ ನಾವು ಅಂಗಿ ಬಿಚ್ಚಿ ಕೂರ್ತೀವಿ. ಹೆಂಗಸರು ಓಡಾಡಿದ್ರೆ ಹೇಗೆ?" ಅಂದ ಒಬ್ಬ. "ಇರೋದೊಂದು ಕಟ್ಟೆ ಕಣಪ್ಪಾ" ಅಂದ ಇನ್ನೊಬ್ಬ. ಅಣ್ಣ ನನ್ನ ಕಡೆ ನೋಡಲಿಲ್ಲ. "ಅದನ್ನ ಕೂತು ಮಾತಾಡೋಣ. ಮೊದಲು ಕೆಲಸ ನಿಲ್ಲಿಸಿ ಧಣಿಗೆ ಬುದ್ಧಿ ಕಲಿಸೋಣ" ಅಂದ. ಚಪ್ಪಾಳೆ ಬಿತ್ತು. ಬಾಗಿಲು ಅಲ್ಲೇ ಬಿತ್ತು.

ಮುಷ್ಕರ ಶುರುವಾಯ್ತು. ಗಂಡಸರು ಗೇಟಿಗೆ ಕೂತರು. ನಾವು ಅವರಿಗೆ ಅನ್ನ ಬೇಯಿಸಿ ಹೊತ್ತುಕೊಂಡು ಹೋದ್ವಿ. ಧಣಿ ಮಹಡಿ ಮೇಲಿನ ಆಫೀಸಿನಿಂದ ಕೆಳಗಿಳಿಯಲಿಲ್ಲ, ಕಿಟಕಿಯಲ್ಲಿ ನಿಂತು ನೋಡ್ತಿದ್ದ. ದಿನ ಕಳೆದಂತೆ ನಮ್ಮವರ ಮುಖ ಸಪ್ಪೆಯಾಯ್ತು. ಆಗ ಅಣ್ಣನಿಗೆ ಒಂದು ಯೋಚನೆ ಬಂತು.

ಆ ಬೆಳಿಗ್ಗೆ ನಾನು ಅನ್ನದ ಪಾತ್ರೆ ಇಳಿಸಿ ಕೈ ಒರೆಸಿಕೊಳ್ತಿದ್ದೆ. ಅಣ್ಣ ಪೆಟ್ಟಿಗೆ ಮೇಲೆ ಹತ್ತಿ ನಿಂತಿದ್ದ. ಕೈಯ ಸುಟ್ಟ ಗಾಯ ಇನ್ನೂ ಕೆಂಪಗಿತ್ತು.

"ಧಣೀ, ಗಂಡಸಾಗಿದ್ರೆ ಕೆಳಗೆ ಬಾ. ಬರೋಕಾಗಲ್ವಾ? ಹಾಗಾದ್ರೆ ನಾವೇ ಉಡುಗೊರೆ ತಂದಿದ್ದೀವಿ. ತೊಟ್ಕೊಂಡು ಮನೇಲಿ ಕೂತ್ಕೋ."

ಗಂಡಸರೆಲ್ಲ ಹೋ ಅಂದ್ರು. ಒಬ್ಬ ತಟ್ಟೆ ತಂದ. ತಟ್ಟೆ ಮೇಲೆ ಬಟ್ಟೆ ಮುಚ್ಚಿತ್ತು.

"ಇದನ್ನ ಕೊಡೋಳು ನನ್ನ ತಂಗಿ" ಅಂದ ಅಣ್ಣ. "ತಂಗಿಯನ್ನ ಕಳಕೊಂಡೋಳು. ಹೆಣ್ಣಾದ್ರೂ ಗಂಡಸಿನ ಗುಂಡಿಗೆ ಅವಳದು. ಬಾರೇ, ಮುಂದೆ ಬಾ."

ಹೊಗಳಿದ್ದು ಅದು. ನಾನು ಚೆನ್ನಾಗಿದ್ರೆ ಗಂಡಸು, ಧಣಿ ಕೆಟ್ಟೋನಾದ್ರೆ ಹೆಂಗಸು. ಹೋದೆ. ತಟ್ಟೆ ನನ್ನ ಕೈಗೆ ಕೊಟ್ರು. ಬಟ್ಟೆ ಸರಿಸಿದೆ.

ಬಳೆ. ಹಸಿರು ಬಳೆ ಒಂದು ಕಟ್ಟು. ದಾರ ನೋಡಿದ್ರೇ ಗೊತ್ತಾಯ್ತು, ಆದ್ರೂ ಬೆರಳು ಆಡಿಸಿದೆ. ಮಗುವಿನ ಕೆನ್ನೆ ತಿಳಿಯದ ಬೆರಳಿಗೆ ಆ ಗಂಟು ತಿಳೀತು. ಒಂದೊಂದರಲ್ಲೂ ಇತ್ತು. ಮೊಡವೆ.

"ಇದನ್ನ ಎಲ್ಲಿಂದ ತಂದೆ?" ಅಂದೆ.

"ಮನೇಲಿ ಮೊಳೆಗೆ ಇತ್ತಲ್ಲ" ಅಂದ ಮೆಲ್ಲಗೆ. "ಯಾವುದಾದ್ರೇನು ಈಗ? ಕೊಡು ಹೋಗು."

"ಗುಬ್ಬಿ ಬೆಸೆದದ್ದು ಇದು, ಅಣ್ಣ."

ಅವನ ಮುಖ ಒಂದು ಗಳಿಗೆ ಬಿಳಿಚಿಕೊಳ್ತು. ಗೊತ್ತಿರಲಿಲ್ಲ ಅವನಿಗೆ. ಮನೇಲಿ ಬಳೆ ನೇತಾಡಿದ್ರೆ ಯಾರದೋ ಬಳೆ, ಅಷ್ಟೇ. ಆಮೇಲೆ ಸುಧಾರಿಸಿಕೊಂಡ. ಜನದ ಕಡೆ ತಿರುಗಿ ಗಟ್ಟಿಯಾಗಿ ಅಂದ, "ಕೇಳಿದ್ರಾ? ಸತ್ತ ನನ್ನ ತಂಗಿಯ ಕೈಯಾರೆ ಆದ ಬಳೆ ಇದು. ಧಣಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯಾ?"

ನಾನು ತಟ್ಟೆಯನ್ನ ಎದೆಗೆ ಒತ್ತಿಕೊಂಡೆ.

"ಕೊಡಲ್ಲ" ಅಂದೆ.

"ಏನಂದೆ?"

"ಕೊಡಲ್ಲ ಅಂದೆ. ಅವಳು ಬೆಂಕಿ ಮುಂದೆ ಕೂತು ಬೆಸೆದದ್ದು. ಸಾಯೋವಾಗಲೂ ಒಡೀತಾ ಅಂತ ಕೇಳಿದ್ಲು. ಇದನ್ನ ಮುಟ್ಟಿದ್ರೆ ಅವನಿಗೆ ಅವಮಾನ ಆಗುತ್ತಾ? ಹಾಗಾದ್ರೆ ಹುಟ್ಟಿದಾಗಿನಿಂದ ಇದನ್ನೇ ತೊಟ್ಟಿರೋ ನಾನು ಏನು? ಗುಬ್ಬಿ ಏನು?"

"ಅದು ಮಾತಿಗೆ ಅನ್ನೋದು ಕಣೇ. ಎಲ್ಲರೂ ಅಂತಾರೆ."

"ಅಂತಾರೆ. ಅಂದು ಅಂದು ಕಿವಿ ಕಿವುಡಾಗಿದೆ ನಿಮಗೆ."

"ಎಲ್ಲರ ಮುಂದೆ ಹೆಂಗಸಿನ ಬುದ್ಧಿ ತೋರಿಸಬೇಡ" ಅಂದ. ಹಲ್ಲು ಕಚ್ಚಿಕೊಂಡು ಅಂದ. "ನೀನು ಈಗ ಹಿಂದೆ ಸರಿದ್ರೆ ಮುಷ್ಕರ ಮುರಿಯುತ್ತೆ. ಧಣಿ ನಗ್ತಾನೆ, ನೋಡು."

ನೋಡಿದೆ. ನಿಜ, ಕಿಟಕಿಯಲ್ಲಿ ಧಣಿ ನಗ್ತಿದ್ದ. ಗಂಡಸರು ಗೊಣಗ್ತಿದ್ರು. ಆ ಮಾತು ಆಡಬಾರದು ಅಂತಲೇ ಇದ್ದೆ. ಅಣ್ಣನ ಬೆಂದ ಕೈ ನೋಡಿದಾಗೆಲ್ಲ ನುಂಗಿಕೊಂಡಿದ್ದೆ. ಇನ್ನು ನುಂಗೋಕೆ ಗಂಟಲಲ್ಲಿ ಜಾಗ ಇರಲಿಲ್ಲ.

"ಆವತ್ತು ಹಿಂದಿನ ಗೋಡೆ ಗುದ್ದಿದವಳು ನಾನು, ಅಣ್ಣ. ನೀನು ಆಚೆ ಇದ್ದೆ. ನೆರೀತು ನೋಡ್ರಪ್ಪಾ ಸಂತೆ ಅಂದೆ. ಟೀ ಆರುತ್ತೆ ಅಂದೆ. ನನ್ನ ಕಿವಿಯಾರೆ ಕೇಳಿದ್ದೀನಿ. ಗುಬ್ಬಿಗೂ ಕೇಳಿರುತ್ತೆ."

ಆವತ್ತು ಜಡೆ ಮಾತು ಆಡಿದವನು ನೆಲ ನೋಡ್ದ. ನಾನು ಬಳೆ ಕಟ್ಟನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಬರೀ ತಟ್ಟೆಯನ್ನ ಅವನ ಕಾಲ ಹತ್ತಿರ ಇಟ್ಟೆ.

ಕಡ್ಡಿಪೆಟ್ಟಿಗೆ ಅಜ್ಜಿ ನನ್ನ ರಟ್ಟೆ ಹಿಡಿದಳು. "ನಡಿಯೇ. ಇವರ ಮುಂದೆ ನಿಂತು ಬಾಗಿಲು ಬೇಡಿದ್ದು ಸಾಕು" ಅಂದಳು.

ಗೇಟು ಕಾಯೋನು ತಡೆಯೋಕೆ ಬಂದ. ಅಜ್ಜಿ ಅವನನ್ನ ನೋಡಿದ ರೀತಿಗೆ ಪಕ್ಕಕ್ಕೆ ಸರಿದ. ಕುಲುಮೆ ಹತ್ತಿರ ಸಲಾಕೆಗಳು ಒರಗಿಸಿದ್ದವು, ಕಬ್ಬಿಣದ ಉದ್ದ ಸಲಾಕೆ. ಹೆಂಗಸರು ಮುಟ್ಟೋ ಹಾಗಿರಲಿಲ್ಲ ಅವನ್ನ. ಎತ್ತೋಕೆ ಆಗಲ್ಲ ಅಂತಿದ್ರು. ಭಾರ ಏನೋ ಇತ್ತು, ಇಬ್ಬಿಬ್ಬರು ಹಿಡಿದ್ವಿ. ಕರಿ ಹಿಡಿದ ಕೋಣೆಗೆ ಹೋದ್ವಿ. ಸುಟ್ಟ ವಾಸನೆ ಇನ್ನೂ ಇತ್ತು. ಗುಬ್ಬಿಯ ಮಣೆ ಮೂಲೆಯಲ್ಲೇ ಇತ್ತು, ಅರ್ಧ ಬೆಂದದ್ದು. ನಾನು ಅದನ್ನ ಎತ್ತಿ ಪಕ್ಕಕ್ಕಿಟ್ಟೆ. ಅಳು ಬಂತು, ಅತ್ತೆ. ಅಳ್ತಾ ಅಳ್ತಾನೇ ಮೊದಲ ಏಟು ಹಾಕಿದೆ.

ಗೋಡೆ ಒಡೆಯೋದು ನಮಗೆ ಗೊತ್ತಿಲ್ಲದ ಕೆಲಸ. ಮೊದಲು ಇಟ್ಟಿಗೆ ನಡುವೆ ಹೊಡೆದ್ವಿ, ಸಲಾಕೆ ಜಾರಿ ಅಜ್ಜಿಯ ಕಾಲಿಗೆ ಬೀಳೋದರಲ್ಲಿತ್ತು. ಆಮೇಲೆ ಸಂದಿಗೆ ಹಾಕಿ ಮೀಟಿದ್ವಿ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಒಂದೊಂದು ಏಟಿಗೂ ಎಲ್ಲರೂ ಕೂಗಿದ್ವಿ, ದಮ್ಮು ಬರಲಿ ಅಂತ. ಆವತ್ತು ಕೂಗಿದ್ದಷ್ಟೇ ಗಟ್ಟಿಯಾಗಿ. ಒಂದು ಇಟ್ಟಿಗೆ ಆಚೆ ಬಿತ್ತು. ಕಟ್ಟೆ ಮೇಲೆ ಬಿದ್ದ ಸದ್ದು ಕೇಳ್ತು. ಬೆಳಕು ಬಂತು, ಹಿಂದೆಯೇ ಗಾಳಿ. ಆ ಕೋಣೆಯಲ್ಲಿ ಗಾಳಿ ಮುಖಕ್ಕೆ ತಾಗಿದ್ದು ನನಗೆ ಅದೇ ಮೊದಲು.

ಈ ಸಲ ಓಡಿ ಬಂದ್ರು. ಆಚೆ ಹೆಜ್ಜೆ ಸದ್ದು, ಏನಾಯ್ತು ಏನಾಯ್ತು ಅನ್ನೋ ಮಾತು. ನಾವು ನಿಲ್ಲಿಸಲಿಲ್ಲ. ತೂತು ಮೈ ಹಿಡಿಸುವಷ್ಟು ಆದಾಗ ಅಲ್ಲಿ ಅಣ್ಣನ ಮುಖ ಇತ್ತು. ತಲೆ ಒಳಗೆ ಹಾಕಿ ನೋಡಿದ. ಕೋಣೆಯ ಮೂಲೆ ಮೂಲೆ ನೋಡಿದ. ಬೆಂಕಿಯ ದಿನ ಹೊಗೆಯಲ್ಲಿ ಒಂದು ಸಲ ನುಗ್ಗಿದ್ದ, ಅಷ್ಟೇ. ಅದಕ್ಕೆ ಮುಂಚೆ ಇಷ್ಟು ವರ್ಷದಲ್ಲಿ ಒಂದು ದಿನವೂ ಒಳಗೆ ಇಣುಕಿದವನಲ್ಲ.

"ಎಲ್ಲಿ ಕೂರ್ತಿದ್ಲು ಅವಳು?" ಅಂದ.

ಒಂದೇ ಕಾರ್ಖಾನೆ, ಒಂದೇ ಮನೆ, ಒಂದೇ ತಟ್ಟೆಯಲ್ಲಿ ಉಂಡವರು. ಅವಳು ಎಲ್ಲಿ ಕೂರ್ತಿದ್ಲು ಅಂತ ಕೇಳ್ತಿದ್ದಾನೆ.

"ನೀನು ಎಲ್ಲಿ ಕೂರ್ತಿದ್ದೆ ಅಣ್ಣ?" ಅಂದೆ.

ಅವನು ತಿರುಗಿ ನೋಡ್ದ. ನಾನೂ ತೂತಿನಿಂದ ತಲೆ ಆಚೆ ಚಾಚಿದೆ. ತೂತಿನ ಪಕ್ಕದಲ್ಲೇ, ಕಟ್ಟೆಯ ಮೇಲಿನ ಗೋಡೆಗೆ ಎಣ್ಣೆ ಬೆವರು ಮೆತ್ತಿ ಕಪ್ಪಾಗಿತ್ತು. ದಿನಾ ಒಂದೇ ಬೆನ್ನು ಒರಗಿದ ಗುರುತು.

"ಅಲ್ಲೇ. ಅದರ ಹಿಂದೆ" ಅಂದೆ. "ನಿನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂರ್ತಿದ್ಲು."

ಅಣ್ಣ ಆ ಕಪ್ಪು ಗುರುತಿನ ಮೇಲೆ ಕೈ ಇಟ್ಟ. ಆಮೇಲೆ ಕಟ್ಟೆ ಮೇಲೆ ಕುಸಿದ. ಮುಖ ಮುಚ್ಚಿಕೊಂಡು ದನಿ ತೆಗೆದು ಅತ್ತ. ಅವನ ಹಿಂದೆ ನಿಂತಿದ್ದವನು ಬೆನ್ನು ತಟ್ಟಿ, "ಏನಣ್ಣಾ, ಹೆಂಗಸರ ಹಾಗೆ..." ಅನ್ನೋಕೆ ಹೋಗಿ ನಮ್ಮ ಮುಖ ನೋಡಿ ನಿಲ್ಲಿಸಿದ.

ನಾನು ಅವನನ್ನ ಅಳೋಕೆ ಬಿಟ್ಟೆ. ನನ್ನ ಕಣ್ಣಲ್ಲೂ ನೀರಿತ್ತು. ಅಂಗಳದ ಕಡೆಯಿಂದ ಧಣಿಯ ಜನ ಕೂಗಾಡ್ತಾ ಬರೋದು ಕೇಳ್ತಿತ್ತು. ಗೋಡೆಯ ಕೆಳಗಿನ ಸಾಲು ಇನ್ನೂ ಹಾಗೇ ಇತ್ತು. ಅಜ್ಜಿ ಸಲಾಕೆ ಹಿಡಿದು ಕಾಯ್ತಿದ್ದಳು, ಏಟು ಹಾಕಿದ್ರೆ ಅವನ ಮೇಲೇ ಬೀಳುತ್ತೆ ಅಂತ.

ನಾನು ತೂತಿನಿಂದ ಕೈ ಹಾಕಿ ಅವನ ಭುಜ ಮುಟ್ಟಿದೆ.

"ಏಳಣ್ಣ" ಅಂದೆ. "ಬಾಗಿಲಿಗೆ ಅಡ್ಡ ಕೂತಿದ್ದೀಯ."